ಕಟ್ಟಿಗೆ ಸೀಳುವ ಕಾಯಕ

ಮಾನವನು ಅಗ್ನಿಯನ್ನು ಗೃಹದಲ್ಲಿ ನೆಲೆಗೊಳಿಸಿದಂದಿನಿಂದಲೂ ಇಂಧನಸಂಗ್ರಹವು ಗೃಹಕೃತ್ಯಗಳಲ್ಲಿ ಮುಖ್ಯವಾದುದಾಗಿದೆ. ಇಂಧನ, ಏಧ, ಇಧ್ಮ, ಸಮಿತ್ತು ಎಂದು ಅಮರಕೋಶವು ಉರುವಲಿಗೆ ಹಲವು ಹೆಸರುಗಳನ್ನು ಹೇಳುವುದು. ಉಪನಿಷತ್ಕಾಲದ ಶಿಷ್ಯನು ಸಮಿತ್ಪಾಣಿಯಾಗಿ, ಎಂದರೆ ಕೈಯಲ್ಲಿ ಕಟ್ಟಿಗೆ ಹಿಡಿದು, ಗುರುವಿನ ಬಳಿ ಸಾರುತ್ತಿದ್ದನು. ಹೀಗಿದ್ದರೂ ಕಾಲಕ್ರಮದಲ್ಲಿ ಕಟ್ಟಿಗೆಯನ್ನು ಕಡಿದು, ಸೀಳಿ, ಹೊತ್ತು ಮಾರುವವನ ಕೆಲಸವು ಹೀನವೆಂದೆಣಿಸಲ್ಪಟ್ಟಿತು.

ಈ ಭಾವನೆಯನ್ನು ಅಲ್ಲಗಳೆದವರು ಕಲ್ಯಾಣದ ಶರಣರು. 12ನೆಯ ಶತಮಾನದ ಮೋಳಿಗೆಯ ಮಾರಯ್ಯನ ಹೆಸರೇ ಇದಕ್ಕೆ ಪ್ರಮಾಣ. ಮೋಳಿಗೆಯೆಂದರೆ ಕಟ್ಟಿಗೆಯ ಹೊರೆ. ಆತನು ಕಾಶ್ಮೀರದ ಅರಸನಾಗಿದ್ದು, ರಾಜ್ಯವನ್ನು ತೊರೆದು, ಪತ್ನೀಸಮೇತನಾಗಿ ಕಲ್ಯಾಣಕ್ಕೆ ಬಂದು ಈ ಕಾಯಕವನ್ನು ಹಿಡಿದನೆಂದು ಪರಂಪರೆಯು ಹೇಳುವುದು. ಬಸವಣ್ಣನವರು ಆತನ ಮನೆಯಲ್ಲಿ ಗುಟ್ಟಾಗಿ ಇರಿಸಿಹೋದ ಹೊನ್ನನ್ನು ಆತನು ಜಂಗಮರಿಗೆ ಹಂಚಿಬಿಟ್ಟನೆಂಬ ಕಥೆಯೂ ಉಂಟು. ಅರಸುತನದ ವೃತ್ತಾಂತವು ಹೇಗೇ ಇರಲಿ, 'ನಿಃಕಳಂಕ ಮಲ್ಲಿಕಾರ್ಜುನ' ಎಂಬ ಅಂಕಿತದ ಆತನ ವಚನಗಳೂ, ಆತನ ಪತ್ನಿ ಮಹಾದೇವಿಯ ವಚನಗಳೂ ಇಂದಿಗೂ ಉಳಿದಿವೆ.

ಆ ಕಲ್ಯಾಣದಿಂದ ದಕ್ಷಿಣಕ್ಕೆ, ಕೃಷ್ಣಾ ಭೀಮಾ ನದಿಗಳ ನಡುವೆ ಇರುವುದು ವಡಗೇರಾ ಸೀಮೆ. ಎರೆನೆಲದ ಈ ನಾಡಿನಲ್ಲಿ ದೊಡ್ಡ ಮರಗಳು ವಿರಳ. ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಕುಳ್ಳು ಇವೇ ಬಹುಕಾಲ ಒಲೆಗೆ ಆಧಾರವಾಗಿದ್ದವು. ಜಾಲಿಯ ಅಥವಾ ಬೇವಿನ ಕೊರಡು ದೊರೆತರೆ ಕೊಡಲಿಯಿಂದ ಸೀಳಬೇಕಾಗಿದ್ದಿತು. ಸೀಳಿದ ಕಟ್ಟಿಗೆಯು ಬೇಗ ಒಣಗುವುದು. ಒಣಗಿದುದು ಕಡಿಮೆ ಹೊಗೆಯಿಂದ ಉರಿಯುವುದು. ಆದುದರಿಂದ ಸೀಳುವ ಶ್ರಮವು ಒಲೆಯ ಮುಂದೆ ಕುಳಿತ ಹೆಣ್ಣುಮಗಳ ಕಣ್ಣಿಗೆ ಸಲ್ಲುವ ಉಪಕಾರವೇ ಸರಿ.

2016ರಲ್ಲಿ ಉಜ್ಜ್ವಲಾ ಯೋಜನೆಯು ಆರಂಭವಾದ ಮೇಲೆ ಅನೇಕ ಬಡವರ ಮನೆಗಳಿಗೂ ಅನಿಲದ ಒಲೆಯು ಬಂದಿತು. ಅಂಥ ಹಲವು ಮನೆಗಳಲ್ಲಿ ಕಟ್ಟಿಗೆಯು ಸ್ನಾನದ ನೀರಿಗೋ ಹಬ್ಬದ ಅಡಿಗೆಗೋ ಮಾತ್ರ ಬೇಕಾಗುವುದು. ಆದರೆ ಅಭ್ಯಾಸ ತಪ್ಪಿದ ಕೈಯಲ್ಲಿ ಕೊಡಲಿಯು ಅಪಾಯಕರವಾದ ಆಯುಧ.

ಈ ಅಪಾಯಕ್ಕೆ ಪರಿಹಾರವು ದೂರದ ನ್ಯೂಜಿಲೆಂಡಿನಲ್ಲಿ ಹುಟ್ಟಿತು. ಕಟ್ಟಿಗೆ ಸೀಳುವಾಗ ತಾಯಿಯ ಬೆರಳಿಗೆ ಗಾಯವಾದುದನ್ನು ಕಂಡ ಐಲಾ ಹಚಿನ್‌ಸನ್ ಎಂಬ ಬಾಲಿಕೆಯು, ಶಾಲೆಯ ವಿಜ್ಞಾನ ಪ್ರದರ್ಶನಕ್ಕಾಗಿ ಒಂದು ಚಿಕ್ಕ ಸಾಧನವನ್ನು ಕಲ್ಪಿಸಿದಳು. ಅದರಲ್ಲಿ ಕಬ್ಬಿಣದ ಬೆಣೆಯು ಅಲಗು ಮೇಲಾಗಿ ನಿಂತಿರುವುದು. ಸುತ್ತಲೂ ಒಂದು ಬಳೆ. ಕಟ್ಟಿಗೆಯ ತುಂಡನ್ನು ಬಳೆಯೊಳಗೆ ಅಲಗಿನ ಮೇಲಿರಿಸಿ ಸುತ್ತಿಗೆಯಿಂದ ಹೊಡೆದರೆ ಅದು ಎಳೆಯ ಜಾಡಿನಲ್ಲಿ ಸೀಳುವುದು. ಅಲಗು ಚಲಿಸುವುದಿಲ್ಲ, ಬೀಸಿದ ಕೊಡಲಿಯ ಭಯವೂ ಇಲ್ಲ. ಕನ್ನಡಿಗರಿಗೆ ಈ ತತ್ತ್ವವು ಹೊಸತಲ್ಲ: ಈಳಿಗೆಮಣೆಯ ಅಲಗು ನಿಂತೇ ಇರುವುದು, ಕಾಯಿಪಲ್ಯವೇ ಅದರತ್ತ ಸರಿಯುವುದು. ಆದರೆ ಗಂಟುಳ್ಳ ದಪ್ಪ ಕೊರಡಿಗೆ ಈ ಸಾಧನವು ಸಾಲದು; ಅದಕ್ಕೆ ಬೆಣೆಯೂ ಕೊಡಲಿಯೂ ಬಲ್ಲವರ ಕೈಯೂ ಬೇಕು.

ಸಾಧನವು ಸುಲಭವಾದರೆ ಕಾಯಕದ ಮಹಿಮೆಯು ಕುಂದುವುದೆಂದು ಶಂಕಿಸಬೇಕಾಗಿಲ್ಲ. ಮಾರಯ್ಯನು ದೊಡ್ಡವನಾದುದು ಕೈಗೆ ಗಾಯ ಮಾಡಿಕೊಂಡುದರಿಂದಲ್ಲ. ಸ್ವಂತ ದುಡಿಮೆಯಿಂದ ಬಾಳಿ, ದುಡಿಯದೆ ಬಂದ ಹೊನ್ನನ್ನು ಒಲ್ಲದುದರಿಂದ. ದುಡಿಯುವ ಕೈಯನ್ನು ಕಾಪಾಡುವ ಉಪಾಯವು ಆ ಕಾಯಕಕ್ಕೆ ಸಲ್ಲುವ ಗೌರವವೇ ಆಗಿರುವುದು.