ಪತ್ತೇದಾರನ ಕಥೆಯೊಳಕ್ಕೆ ದೆವ್ವ ಬಂದ ಬಗೆ

ಅಪರಾಧವೊಂದರ ಗುಟ್ಟನ್ನು ಸುಳಿವಿನ ಜಾಡು ಹಿಡಿದು ಬಿಡಿಸುವ ಪತ್ತೇದಾರಿ ಕಾದಂಬರಿಯು ಕನ್ನಡದಲ್ಲಿ ಜನಸಾಮಾನ್ಯರ ಓದಾಗಿ ಬೆಳೆದದ್ದು 1950ರ ದಶಕದಿಂದೀಚೆಗೆ. ನಾಲ್ಕನೆಯ ತರಗತಿಯವರೆಗಷ್ಟೇ ಓದಿದ್ದ ಎನ್. ನರಸಿಂಹಯ್ಯನವರು ಪುರುಷೋತ್ತಮ, ಅರಿಂಜಯ ಮೊದಲಾದ ಪತ್ತೇದಾರರನ್ನು ಸೃಷ್ಟಿಸಿ 500ಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರೆ, ಕನ್ನಡದ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಈ ಪ್ರಕಾರದಲ್ಲಿ ಹೇರಳವಾಗಿ ಬರೆದರು. ಅಗ್ಗದ ಬೆಲೆಗೆ ಬಸ್ ನಿಲ್ದಾಣದ ಅಂಗಡಿಗಳಲ್ಲಿ ದೊರೆಯುತ್ತಿದ್ದ ಈ ಪುಸ್ತಕಗಳನ್ನು ವಿಮರ್ಶಕರು ಬಹುಕಾಲ ಲೆಕ್ಕಕ್ಕೇ ಹಿಡಿಯಲಿಲ್ಲವೆಂಬುದು ಅನ್ಯಾಯವೇ ಸರಿ.

ಪತ್ತೇದಾರಿ ಕಥೆ ದೆವ್ವವನ್ನು ಹೇಗೆ ಕಾಣುತ್ತದೆಂಬುದಕ್ಕೆ ಒಂದು ಉದಾಹರಣೆ: 1902ರಲ್ಲಿ ಪುಸ್ತಕವಾಗಿ ಬಂದ ಕಾನನ್ ಡಾಯ್ಲ್‌ನ ಬಾಸ್ಕರ್‌ವಿಲ್ ಎಂಬ ಇಂಗ್ಲಿಷ್ ಪತ್ತೇದಾರಿ ಕಾದಂಬರಿಯಲ್ಲಿ ಶಾಪದ ನಾಯಿಯೆಂದು ಹೆದರಿಸಿದ್ದು ಕೊನೆಗೆ ರಂಜಕ ಸವರಿದ ಸಾಮಾನ್ಯ ನಾಯಿಯಾಗುತ್ತದೆ. ದೆವ್ವವೆಂಬುದು ಕಳ್ಳನ ವೇಷವೆನ್ನುವ ಈ ಕಟ್ಟಳೆಯೇ ಶುದ್ಧ ಪತ್ತೇದಾರಿಯ ಅಡಿಗಲ್ಲು. ಅದನ್ನು ಸಡಿಲಿಸಿದ ಕೃತಿಗಳಲ್ಲಿ ಮುಖ್ಯವಾದದ್ದು ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಯಾದ ‘ತುಳಸಿದಳ’; ಕನ್ನಡಕ್ಕೆ ಅನುವಾದಗೊಂಡು 1985ರಲ್ಲಿ ಚಲನಚಿತ್ರವೂ ಆದ ಈ ಕಥೆಯಲ್ಲಿ ಮಗುವಿನ ಮೇಲೆ ಕಾಷ್ಮೋರವೆಂಬ ಮಾರಕ ಮಾಟವನ್ನು ಪ್ರಯೋಗಿಸಲಾಗುತ್ತದೆ, ಅದರ ಹಿಂದೆ ಹಣದಾಸೆಯೆಂಬ ಅಪ್ಪಟ ಪತ್ತೇದಾರಿ ಕಾರಣವಿರುತ್ತದೆ, ವೈದ್ಯನೂ ಮಾಂತ್ರಿಕನೂ ಒಂದೇ ರೋಗಕ್ಕೆ ಬೇರೆ ಬೇರೆ ವಿವರಣೆ ಹುಡುಕುತ್ತಾರೆ. ತೆಲುಗು ಮನೆಮಾತಾಗಿರುವ ಕುಟುಂಬಗಳು ಆನೇಕಲ್, ಹೊಸಕೋಟೆ ಸೀಮೆಯಲ್ಲಿ ಹೇರಳವಾಗಿರುವುದರಿಂದ, ಬೆಂಗಳೂರಿನ ಹೊರಂಚಿಗೆ ಈ ಕಥಾಲೋಕ ಹೊರಗಿನದಾಗಿರಲಿಲ್ಲ.

ಆ ಹೊರಂಚಾದರೂ ಆಗ ಬದಲಾಗುತ್ತಿತ್ತು. 1953ರಲ್ಲಿ ಜಾಲಹಳ್ಳಿಗೆ ಎಚ್.ಎಂ.ಟಿ. ಕಾರ್ಖಾನೆ ಬಂದಿತ್ತು, 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶವಾಯಿತು, ಅದೇ ದಶಕದ ಕೊನೆಗೆ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು ತನ್ನ ಮುಖ್ಯಸ್ಥ ಆರ್.ಕೆ. ಬಾಳಿಗರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟತೊಡಗಿತು; 1882ರಲ್ಲಿ ಆಂಗ್ಲೋ-ಇಂಡಿಯನ್ನರ ನೆಲೆಯಾಗಿ ಹುಟ್ಟಿದ್ದ ವೈಟ್‌ಫೀಲ್ಡ್ ಮುಂದೆ ಸಾಫ್ಟ್‌ವೇರಿನ ಊರಾಯಿತು. ಕಾರ್ಖಾನೆ ಬಂದರೂ ಗ್ರಾಮದೇವತೆಯ ಗುಡಿ, ಊರ ಮುನೀಶ್ವರ, ಆಯುಧಪೂಜೆಯಂದು ಯಂತ್ರಕ್ಕೆ ಒಡೆಯುವ ಬೂದುಗುಂಬಳ ಇವಾವುವೂ ಜಾಗ ಬಿಡಲಿಲ್ಲ.

1990ರ ದಶಕದಲ್ಲಿ ಬೆಂಗಳೂರಿನಲ್ಲೂ ಕರ್ನಾಟಕದ ಅನೇಕ ಊರುಗಳಲ್ಲೂ ಬಾಗಿಲುಗಳ ಮೇಲೆ ಕಾಣಿಸಿಕೊಂಡ ‘ನಾಳೆ ಬಾ’ ಎಂಬ ಬರಹವನ್ನು ಈ ಹಿನ್ನೆಲೆಯಲ್ಲಿಯೇ ನೋಡಬೇಕು. ರಾತ್ರಿ ಮನೆಯವರ ದನಿಯಲ್ಲಿ ಕೂಗುವ ಹೆಣ್ಣು ದೆವ್ವಕ್ಕೆ ಬಾಗಿಲು ತೆರೆದವರು ಸಾಯುತ್ತಾರೆಂದೂ, ಬರಹ ಕಂಡರೆ ಅದು ಮರಳಿ ಹೋಗಿ ಮರುದಿನ ಮತ್ತದೇ ಬರಹವನ್ನು ಓದುತ್ತದೆಂದೂ ಜನ ನಂಬಿದ್ದರು. ಕನ್ನಡ ಓದಬಲ್ಲ, ಬರೆದ ಮಾತಿಗೆ ಕಟ್ಟುಬೀಳುವ ದೆವ್ವವಿದು. ಅದರ ನಡವಳಿಕೆಯ ನಿಯಮವನ್ನು ಕಂಡುಹಿಡಿದು ಅದೇ ನಿಯಮದಿಂದ ಅದನ್ನು ಕಟ್ಟಿಹಾಕುವ ಉಪಾಯದಲ್ಲಿ ಮಂತ್ರವಾದಿಗಿಂತ ಪತ್ತೇದಾರನ ಬುದ್ಧಿಯೇ ಹೆಚ್ಚಾಗಿ ಕಾಣುತ್ತದೆ.