ಅಂತಿಯೋಕ್ಯದ ಧರ್ಮಾಧ್ಯಕ್ಷ ಸಂತ ಇಗ್ನೇಷಿಯಸ್

ದಟ್ಟಗಳ್ಳಿಯಿಂದ ಲಷ್ಕರ್ ಮೊಹಲ್ಲಾದವರೆಗೆ ಮೈಸೂರಿನ ಯಾವ ಭಾಗದ ನಿವಾಸಿಗೂ ಸಂತ ಫಿಲೋಮಿನಾ ದೇವಾಲಯದ ಜೋಡಿ ಗೋಪುರಗಳು ಅಪರಿಚಿತವಲ್ಲ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಶಂಕುಸ್ಥಾಪನೆ ಮಾಡಿದ ಆ ಮಂದಿರದ ಬಲಿಪೂಜೆಗೆ ರೋಮಿನ ಪುರಾತನವಾದ ಒಂದು ಪ್ರಾರ್ಥನಾಕ್ರಮವುಂಟು. ಆ ಪ್ರಾರ್ಥನೆಯಲ್ಲಿ ಆದಿಕಾಲದ ರಕ್ತಸಾಕ್ಷಿಗಳ ನಾಮಾವಳಿಯೊಂದು ಬರುತ್ತದೆ. ಅದರಲ್ಲಿ ಇಗ್ನೇಷಿಯಸ್ ಎಂಬ ಹೆಸರೂ ಸೇರಿದೆ. ಪಶ್ಚಿಮ ಕರಾವಳಿಯಲ್ಲಿ ಉಡುಪಿಗೆ ಸಮೀಪದ ಬ್ರಹ್ಮಾವರದ ಕ್ರೈಸ್ತರ ಇತಿಹಾಸದಲ್ಲಿಯೂ ಇದೇ ಹೆಸರು ಬೇರೊಂದು ಮಾರ್ಗದಿಂದ ಬಂದು ಸೇರಿದೆ. ಒಂದೇ ಹೆಸರು ಎರಡು ದಾರಿಗಳಿಂದ ಕನ್ನಡನಾಡನ್ನು ಮುಟ್ಟಿದ ಕಥೆಯನ್ನು ತಿಳಿಯಬೇಕಾದರೆ ಮೊದಲು ಆ ಹೆಸರಿನ ಪುರುಷನನ್ನು ತಿಳಿಯಬೇಕು.

ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಸಿರಿಯಾ ದೇಶದ ಅಂತಿಯೋಕ್ಯವು ರೋಮ್, ಅಲೆಕ್ಸಾಂದ್ರಿಯಗಳನ್ನು ಬಿಟ್ಟರೆ ಆ ಸಾಮ್ರಾಜ್ಯದಲ್ಲಿ ಎಣಿಕೆಗೆ ಬರುತ್ತಿದ್ದ ಮಹಾನಗರವಾಗಿತ್ತು. ಒರೊಂತೀಸ್ ನದಿಯ ದಡದಲ್ಲಿದ್ದ ಆ ಪಟ್ಟಣದಲ್ಲಿ ಗ್ರೀಕರು, ಸಿರಿಯದವರು, ಯೆಹೂದ್ಯರು ಒಟ್ಟಿಗೆ ವಾಸಿಸುತ್ತಿದ್ದರು. ಯೇಸುವಿನ ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊಟ್ಟಮೊದಲು ಬಂದದ್ದು ಈ ಊರಿನಲ್ಲಿಯೇ ಎಂದು ಅಪೊಸ್ತಲರ ಕಾರ್ಯಗಳ ಗ್ರಂಥವು ಹೇಳುತ್ತದೆ. ನಾಲ್ಕನೆಯ ಶತಮಾನದ ಇತಿಹಾಸಕಾರ ಯುಸೇಬಿಯಸನ ಲೆಕ್ಕದಂತೆ ಅಲ್ಲಿಯ ಧರ್ಮಸಭೆಗೆ ಯುವೋದಿಯಸನ ತರುವಾಯ ಇಗ್ನೇಷಿಯಸನು ಧರ್ಮಾಧ್ಯಕ್ಷನಾದನು. ಅವನು ತನ್ನನ್ನು ‘ಥೆಯೊಫೋರಸ್’, ಅಂದರೆ ದೇವರನ್ನು ಧರಿಸಿದವನು, ಎಂದು ಕರೆದುಕೊಂಡನು. ಲ್ಯಾಟಿನಿನಲ್ಲಿ ಅಗ್ನಿಯನ್ನು ಸೂಚಿಸುವ ಶಬ್ದವು ಅವನ ಹೆಸರನ್ನು ಹೋಲುವುದರಿಂದ ಸಿರಿಯದವರು ಅವನನ್ನು ‘ನೂರೋನೋ’, ಎಂದರೆ ಅಗ್ನಿಮಯನು, ಎಂದು ಕೊಂಡಾಡಿದರು. ಯೇಸುವು ಎತ್ತಿಕೊಂಡ ಮಗುವೇ ಇವನೆಂಬ ಐತಿಹ್ಯವು ಭಕ್ತಿಯಿಂದ ಹುಟ್ಟಿದುದು. ಇತಿಹಾಸಕ್ಕೆ ಆಧಾರವಾಗಿ ಉಳಿದಿರುವುದು ಅವನ ಜೀವಿತದ ಕೊನೆಯ ಕೆಲವು ವಾರಗಳಲ್ಲಿ ಬರೆದ ಏಳು ಪತ್ರಗಳು.

ಟ್ರಾಜನ್ ಚಕ್ರವರ್ತಿಯ ಆಳ್ವಿಕೆಯಲ್ಲಿ, ಸಂಪ್ರದಾಯದ ಗಣನೆಯಂತೆ ಕ್ರಿ. ಶ. 107ರ ಸುಮಾರಿಗೆ, ಇಗ್ನೇಷಿಯಸನು ಬಂಧಿತನಾದನು. ರೋಮ್ ನಗರದ ರಂಗಸ್ಥಳದಲ್ಲಿ ಕ್ರೂರಮೃಗಗಳಿಗೆ ಆಹಾರವಾಗಬೇಕೆಂಬುದು ಅವನಿಗೆ ವಿಧಿಸಿದ ದಂಡನೆ. ಹತ್ತು ಮಂದಿ ಸೈನಿಕರ ಕಾವಲಿನಲ್ಲಿ, ಸಂಕೋಲೆ ತೊಟ್ಟು, ಅವನು ಏಷ್ಯಾ ಮೈನರಿನ ಊರುಗಳನ್ನು ದಾಟಿ ಪಶ್ಚಿಮಕ್ಕೆ ನಡೆದನು. ಆ ಕಾವಲುಗಾರರನ್ನು ಅವನು ಚಿರತೆಗಳಿಗೆ ಹೋಲಿಸಿದ್ದಾನೆ. ಉಪಕಾರ ಮಾಡಿದಷ್ಟೂ ಅವರ ಕ್ರೌರ್ಯವು ಹೆಚ್ಚುತ್ತಿತ್ತೆಂದು ಅವನ ದೂರು. ಸಾವಿನ ಕಡೆಗೆ ಸಾಗುತ್ತಿದ್ದ ಕೈದಿಯ ಈ ಪಯಣವೇ ಒಂದು ವಿಚಿತ್ರವಾದ ಧರ್ಮಸಂಚಾರವಾಗಿ ಪರಿಣಮಿಸಿತು. ಸ್ಮುರ್ನದಲ್ಲಿ ಕೆಲವು ದಿನ ತಂಗಿದಾಗ ಅಲ್ಲಿಯ ಧರ್ಮಾಧ್ಯಕ್ಷ ಪೊಲಿಕಾರ್ಪನು ಅವನನ್ನು ಆದರಿಸಿದನು. ಎಫೆಸದಿಂದ ಒನೇಸಿಮನೂ, ಮಗ್ನೇಸಿಯದಿಂದ ದಾಮಸನೂ, ತ್ರಲ್ಲೆಸಿನಿಂದ ಪೊಲಿಬಿಯಸನೂ ತಮ್ಮ ತಮ್ಮ ಸಭೆಗಳ ಪರವಾಗಿ ಬಂದು ಕಂಡರು. ಈ ಮೂರು ಊರುಗಳಿಗೂ ರೋಮಿನ ಸಭೆಗೂ ಅವನು ಸ್ಮುರ್ನದಿಂದಲೇ ಪತ್ರ ಬರೆದನು. ಮುಂದೆ ತ್ರೋವದ ರೇವಿನಿಂದ ಫಿಲದೆಲ್ಫಿಯಕ್ಕೂ, ಸ್ಮುರ್ನಕ್ಕೂ, ಪೊಲಿಕಾರ್ಪನಿಗೂ ಬರೆದ ಮೂರು ಪತ್ರಗಳೊಡನೆ ಏಳು ಪೂರ್ಣವಾಗುತ್ತವೆ.

ಇವುಗಳಲ್ಲಿ ರೋಮಿನವರಿಗೆ ಬರೆದ ಪತ್ರವು ಉಳಿದ ಆರಕ್ಕಿಂತ ಭಿನ್ನವಾದುದು. ರಾಜಧಾನಿಯ ಕ್ರೈಸ್ತರಲ್ಲಿ ಪ್ರಭಾವಶಾಲಿಗಳಾದವರು ತನ್ನ ಬಿಡುಗಡೆಗಾಗಿ ಯತ್ನಿಸಬಹುದೆಂಬ ಶಂಕೆ ಅವನಿಗಿತ್ತು. ದಯವಿಟ್ಟು ಅಂತಹ ಉಪಕಾರ ಮಾಡಬೇಡಿರೆಂದು ಅವನು ಅಂಗಲಾಚುತ್ತಾನೆ. ಮೃಗಗಳ ಹಲ್ಲುಗಳನ್ನು ಬೀಸುವ ಕಲ್ಲಿಗೂ, ತನ್ನನ್ನು ಗೋಧಿಯ ಕಾಳಿಗೂ ಹೋಲಿಸಿ, ಹಿಟ್ಟಾದ ಮೇಲಲ್ಲವೆ ರೊಟ್ಟಿಯಾಗುವುದೆಂಬ ಭಾವವನ್ನು ಅಲ್ಲಿ ತೋರುತ್ತಾನೆ. ಈ ಮರಣಾಪೇಕ್ಷೆಯು ಓದುವವರನ್ನು ಬೆಚ್ಚಿಬೀಳಿಸುವಷ್ಟು ತೀವ್ರವಾಗಿದೆ. ಇದನ್ನು ಉನ್ಮಾದವೆಂದು ತಳ್ಳಿಹಾಕಿದ ವಿಮರ್ಶಕರೂ ಉಂಟು. ಆದರೆ ಅದೇ ದಿನಗಳಲ್ಲಿ ಬರೆದ ಬೇರೆ ಪತ್ರಗಳಲ್ಲಿ ಅವನ ಬುದ್ಧಿಯು ಎಷ್ಟು ಸ್ವಸ್ಥವಾಗಿ, ಎಷ್ಟು ವ್ಯವಹಾರಕುಶಲವಾಗಿ ನಡೆದಿದೆಯೆಂಬುದನ್ನು ಕಂಡವರು ಆ ಮಾತನ್ನು ಸುಲಭವಾಗಿ ಒಪ್ಪಲಾರರು.

ಆ ಪತ್ರಗಳ ಪ್ರಧಾನವಾದ ಬೋಧನೆ ಐಕ್ಯ. ಪ್ರತಿಯೊಂದು ಊರಿನಲ್ಲಿಯೂ ಒಬ್ಬ ಧರ್ಮಾಧ್ಯಕ್ಷನು, ಅವನ ಸುತ್ತ ಹಿರಿಯರ ಮಂಡಲಿ, ಅವರೊಡನೆ ಸೇವಕವರ್ಗ, ಹೀಗೆ ಮೂರು ಹಂತಗಳ ಸಭಾವ್ಯವಸ್ಥೆಯು ಸ್ಪಷ್ಟವಾಗಿ ಕಾಣಬರುವುದು ಇವನ ಬರಹದಲ್ಲಿಯೇ. ತಂತಿಗಳು ವೀಣೆಯೊಡನೆ ಶ್ರುತಿಗೂಡುವಂತೆ ಹಿರಿಯರು ಧರ್ಮಾಧ್ಯಕ್ಷನೊಡನೆ ಕೂಡಿರಬೇಕೆಂದೂ, ಜನರೆಲ್ಲರೂ ಮೇಳವಾಗಿ ಹಾಡಬೇಕೆಂದೂ ಎಫೆಸದವರಿಗೆ ಉಪದೇಶಿಸುತ್ತಾನೆ. ಮಗ್ನೇಸಿಯದ ದಾಮಸನು ವಯಸ್ಸಿನಲ್ಲಿ ಕಿರಿಯನು. ಅವನ ಯೌವನವನ್ನು ನೆವಮಾಡಿಕೊಂಡು ಅಗೌರವ ತೋರಬಾರದೆಂದು ಅಲ್ಲಿಯವರನ್ನು ಎಚ್ಚರಿಸುತ್ತಾನೆ. ‘ಕಥೊಲಿಕ ಸಭೆ’, ಅಂದರೆ ಸಾರ್ವತ್ರಿಕವಾದ ಧರ್ಮಸಭೆ, ಎಂಬ ಮಾತು ಇಂದು ದೊರೆಯುವ ಬರಹಗಳಲ್ಲಿ ಮೊದಲು ಬರುವುದು ಸ್ಮುರ್ನದವರಿಗೆ ಇವನು ಬರೆದ ಪತ್ರದಲ್ಲಿ.

ಇಷ್ಟನ್ನೇ ನೋಡಿದರೆ ಇಗ್ನೇಷಿಯಸನು ಅಧಿಕಾರವನ್ನು ಪ್ರತಿಪಾದಿಸಿದವನೆಂದು ತೋರಬಹುದು. ಆದರೆ ಈ ಐಕ್ಯವು ಯಾವುದಕ್ಕಾಗಿ ಎಂಬುದನ್ನು ವಿಚಾರಿಸಿದಾಗ ಅವನ ಉಪದೇಶದ ತಿರುಳು ತಿಳಿಯುತ್ತದೆ. ಅವನ ಕಾಲದಲ್ಲಿ ಕ್ರಿಸ್ತನಿಗೆ ನಿಜವಾದ ಶರೀರವಿರಲಿಲ್ಲ, ಅವನು ಹುಟ್ಟಿದುದೂ ನೊಂದುದೂ ಸತ್ತುದೂ ಬರಿಯ ತೋರಿಕೆ, ಎಂಬ ಮತವೊಂದು ಹಬ್ಬುತ್ತಿತ್ತು. ತೋರು ಎಂಬ ಅರ್ಥದ ‘ದೊಕೆಯಿನ್’ ಎಂಬ ಗ್ರೀಕ್ ಧಾತುವಿನಿಂದ ಈ ಪಂಥದವರಿಗೆ ದೊಸೀಟರೆಂದು ಹೆಸರಾಯಿತು. ತೋರಿಕೆಗೂ ದಿಟಕ್ಕೂ ಇರುವ ಭೇದದ ಜಿಜ್ಞಾಸೆಯು ಭಾರತದ ದರ್ಶನಗಳನ್ನು ಬಲ್ಲವರಿಗೆ ಹೊಸದಲ್ಲ. ಇಗ್ನೇಷಿಯಸನು ಇದಕ್ಕೆ ಕೊಟ್ಟ ಉತ್ತರವು ತರ್ಕಶಾಸ್ತ್ರದ್ದಲ್ಲ. ಅವನ ಕೈಯ ಸಂಕೋಲೆಯದು. ಕ್ರಿಸ್ತನ ವೇದನೆಯು ತೋರಿಕೆಯಾಗಿದ್ದರೆ ತನ್ನ ಬಂಧನವೂ ತೋರಿಕೆಯಾಗಬೇಕಷ್ಟೆ. ಆಗ ತಾನು ಮೃಗಗಳೊಡನೆ ಹೋರಾಡಲು ಹೊರಟಿರುವುದೇತಕ್ಕೆ ಎಂದು ಅವನು ಕೇಳುತ್ತಾನೆ.

ಅವನು ಇಲ್ಲಿಗೇ ನಿಲ್ಲುವುದಿಲ್ಲ. ದೇಹವನ್ನು ಸುಳ್ಳೆನ್ನುವವರ ನಡತೆಯನ್ನು ಪರೀಕ್ಷಿಸಿರೆಂದು ಸ್ಮುರ್ನದವರಿಗೆ ಹೇಳುತ್ತಾನೆ. ವಿಧವೆಯರು, ಅನಾಥರು, ಸೆರೆಯಲ್ಲಿರುವವರು, ಹಸಿದವರು, ಬಾಯಾರಿದವರು ಇವರ ಮೇಲೆ ಆ ಜನರಿಗೆ ಕನಿಕರವಿಲ್ಲವೆಂಬುದೇ ಅವನು ಹೊರಿಸಿದ ಮುಖ್ಯವಾದ ಆರೋಪ. ದೇವರು ಶರೀರವನ್ನು ಧರಿಸಿದುದು ದಿಟವಾದರೆ ನೆರೆಯವನ ಹಸಿವೂ ದಿಟ. ಮೊದಲನೆಯದು ಸುಳ್ಳಾದರೆ ಎರಡನೆಯದನ್ನು ಕಡೆಗಣಿಸಲು ಅವಕಾಶವಾಗುತ್ತದೆ. ಪರಮಪ್ರಸಾದವನ್ನು ಅವನು ಅಮರತ್ವದ ಔಷಧವಾಗಿ ಕಂಡುದೂ, ಒಂದೇ ಪೀಠದ ಸುತ್ತ ಎಲ್ಲರೂ ನೆರೆಯಬೇಕೆಂದು ಹಟ ಹಿಡಿದುದೂ ಈ ನಂಬಿಕೆಯಿಂದಲೇ. ಒಟ್ಟುಗೂಡಿದ ಪಂಕ್ತಿಯಲ್ಲಿ ಬಡವನ ದೇಹವನ್ನು ಕಾಣದೆ ಇರುವುದು ಅಸಾಧ್ಯ.

ಪೊಲಿಕಾರ್ಪನಿಗೆ ಬರೆದ ಪತ್ರವು ಹಿರಿಯ ಅಧಿಕಾರಿಯು ಕಿರಿಯನಿಗೆ ಕೊಟ್ಟ ಬುದ್ಧಿವಾದದಂತಿದೆ. ವಿಧವೆಯರಿಗೆ ನೀನೇ ಪೋಷಕನಾಗು, ದಾಸದಾಸಿಯರನ್ನು ಹೀನವಾಗಿ ಕಾಣಬೇಡ, ಒಳ್ಳೆಯ ಶಿಷ್ಯರನ್ನು ಮಾತ್ರ ಪ್ರೀತಿಸಿದರೆ ಅದು ಹೆಚ್ಚಲ್ಲ, ತೊಂದರೆ ಕೊಡುವವರನ್ನು ಸೌಮ್ಯದಿಂದ ಪಳಗಿಸು, ಎಂಬುದು ಅದರ ಅಭಿಪ್ರಾಯ. ಸುತ್ತಿಗೆಯ ಪೆಟ್ಟಿಗೆ ಅಲುಗದ ಅಡಿಗಲ್ಲಿನಂತೆ ಸ್ಥಿರನಾಗಿರಬೇಕೆಂದೂ ಅಲ್ಲಿ ಸೂಚಿಸಿದ್ದಾನೆ. ಸಭೆಯ ಹೊರಗಿನವರ ವಿಷಯದಲ್ಲಿಯೂ ಅವನ ನಿಲುವು ಇಂತಹುದೇ. ಅವರ ಕೋಪಕ್ಕೆ ಶಾಂತಿಯನ್ನೂ, ದೂಷಣೆಗೆ ಪ್ರಾರ್ಥನೆಯನ್ನೂ ಎದುರಿಡಬೇಕೆಂದು ಎಫೆಸದವರಿಗೆ ತಿಳಿಸಿದ್ದಾನೆ.

ತ್ರೋವದಲ್ಲಿದ್ದಾಗ ಅವನಿಗೆ ಒಂದು ಶುಭವಾರ್ತೆ ಬಂದಿತು. ಅಂತಿಯೋಕ್ಯದ ಸಭೆಯಲ್ಲಿ ಶಾಂತಿ ನೆಲೆಸಿತೆಂಬುದೇ ಆ ವಾರ್ತೆ. ಹಿಂಸೆಯು ನಿಂತಿತೆಂದು ಇದಕ್ಕೆ ಹಿಂದಿನವರು ಅರ್ಥಮಾಡಿದರು. ಸಭೆಯೊಳಗಿನ ಕಲಹವೇ ಶಮನವಾಗಿರಬೇಕೆಂದು ಇಪ್ಪತ್ತನೆಯ ಶತಮಾನದ ಕೆಲವು ವಿದ್ವಾಂಸರು ಊಹಿಸಿದ್ದಾರೆ. ಎರಡನೆಯದು ನಿಜವಾದರೆ ಐಕ್ಯಕ್ಕಾಗಿ ಅವನು ಅಷ್ಟು ಹಂಬಲಿಸಿದುದರ ಕಾರಣವು ಇನ್ನಷ್ಟು ಸ್ಪಷ್ಟವಾಗುತ್ತದೆ; ತನ್ನ ಮನೆಯೇ ಒಡೆದುದನ್ನು ಕಂಡವನು ನೆರೆಮನೆಗಳಿಗೆ ಎಚ್ಚರಿಕೆ ಹೇಳುತ್ತಿದ್ದನು. ತನ್ನ ಊರಿನವರನ್ನು ಅಭಿನಂದಿಸಲು ದೂತರನ್ನು ಕಳುಹಿಸಿರೆಂದು ಅವನು ಸಭೆಗಳನ್ನು ಕೇಳಿಕೊಂಡನು. ಅನಂತರ ಸೈನಿಕರು ಅವನನ್ನು ಹಡಗಿನಲ್ಲಿ ನೆಯಾಪೊಲಿಗೆ ಸಾಗಿಸಿ, ಫಿಲಿಪ್ಪಿಯ ಮಾರ್ಗವಾಗಿ ಕರೆದೊಯ್ದರು. ರೋಮಿನಲ್ಲಿ ಅವನು ಮೃಗಗಳಿಗೆ ಬಲಿಯಾದನೆಂದು ಸಂಪ್ರದಾಯವು ಒಕ್ಕೊರಲಿನಿಂದ ಹೇಳುತ್ತದೆ.

ಪತ್ರಗಳು ಉಳಿದುದು ಪೊಲಿಕಾರ್ಪನ ಎಚ್ಚರದಿಂದ. ಫಿಲಿಪ್ಪಿಯವರು ಕೇಳಿದ ಮೇರೆಗೆ ತನ್ನಲ್ಲಿದ್ದ ಪ್ರತಿಗಳನ್ನು ಒಟ್ಟುಮಾಡಿ ಕಳುಹಿಸುತ್ತಿರುವುದಾಗಿ ಅವನೇ ಬರೆದಿದ್ದಾನೆ. ಮುಂದೆ ಓಲೆಯ ಗ್ರಂಥಗಳಿಗೆ ಆಗುವ ಗತಿಯೇ ಇವಕ್ಕೂ ಆಯಿತು. ನಾಲ್ಕನೆಯ ಶತಮಾನದಲ್ಲಿ ಯಾರೋ ಏಳು ಪತ್ರಗಳನ್ನೂ ಹಿಗ್ಗಿಸಿ, ಹೊಸದಾಗಿ ಆರನ್ನು ಸೇರಿಸಿದರು. ಧರ್ಮಾಧ್ಯಕ್ಷರ ಪದವಿಯು ಬೇಕೆ ಬೇಡವೆ ಎಂಬ ವಾದವು ಇಂಗ್ಲೆಂಡಿನಲ್ಲಿ ಉರಿಯುತ್ತಿದ್ದಾಗ, ಕವಿ ಮಿಲ್ಟನನು 1641ರಲ್ಲಿ ಈ ಪತ್ರಗಳ ಪ್ರಾಮಾಣ್ಯವನ್ನು ಕಟುವಾಗಿ ಖಂಡಿಸಿದನು. ಆದರೆ 1644ರಲ್ಲಿ ಅಷರ್ ಎಂಬ ಪಂಡಿತನು ಹಿಗ್ಗಿಸದ ಪಾಠದ ಲ್ಯಾಟಿನ್ ಭಾಷಾಂತರವನ್ನೂ, 1646ರಲ್ಲಿ ವಾಸಿಯಸನು ಫ್ಲಾರೆನ್ಸಿನ ಹಸ್ತಪ್ರತಿಯಿಂದ ಆರು ಪತ್ರಗಳ ಗ್ರೀಕ್ ಮೂಲವನ್ನೂ ಪ್ರಕಟಿಸಿದರು. 1845ರಲ್ಲಿ ಕ್ಯೂರ್ಟನನು ಮೂರೇ ಪತ್ರಗಳ ಸಂಕ್ಷಿಪ್ತವಾದ ಸಿರಿಯಾಕ್ ಪಾಠವನ್ನು ಹೊರತಂದಾಗ ವಾದವು ಮತ್ತೆ ಕೆದಕಿತು. 1873ರಲ್ಲಿ ಜರ್ಮನಿಯ ತ್ಸಾನನೂ 1885ರಲ್ಲಿ ಲೈಟ್‌ಫುಟನೂ ಏಳು ಪತ್ರಗಳ ಮಧ್ಯಮಪಾಠವೇ ಮೂಲವೆಂದು ಸಾಧಿಸಿದರು. ಆಮೇಲೆ ಆಕ್ಷೇಪಗಳು ಬಂದಿವೆಯಾದರೂ ಬಹುಮಂದಿ ವಿದ್ವಾಂಸರ ಮತವು ಇದೇ.

ಇಲ್ಲಿ ಮೈಸೂರಿನ ದೇವಾಲಯವನ್ನು ನೆನೆಯುವುದು ಅಪ್ರಸ್ತುತವಲ್ಲ. ಅದರ ಅಧಿದೇವತೆಯಾದ ಫಿಲೋಮಿನಾಳ ವಿಷಯದಲ್ಲಿ ಇತಿಹಾಸಕ್ಕೆ ದೊರೆತುದು 1802ರಲ್ಲಿ ರೋಮಿನ ಪ್ರಿಸ್ಕಿಲ್ಲಾ ನೆಲಮಾಳಿಗೆಯ ಸಮಾಧಿಯಲ್ಲಿ ಸಿಕ್ಕ ಅಸ್ಥಿಗಳು, ಮೂರು ಹೆಂಚುಗಳ ಮೇಲಿನ ಕೆಲವೇ ಅಕ್ಷರಗಳು. ಈ ಕಾರಣದಿಂದ 1961ರಲ್ಲಿ ಅವಳ ಹಬ್ಬವನ್ನು ರೋಮಿನ ಅಧಿಕಾರಿಗಳು ಪಂಚಾಂಗಗಳಿಂದ ತೆಗೆದರು. ಜನರ ಭಕ್ತಿಯು ಅದರಿಂದ ಕುಂದಲಿಲ್ಲ. ಒಬ್ಬಳ ಅಸ್ಥಿಯುಂಟು, ಮಾತಿಲ್ಲ. ಇಗ್ನೇಷಿಯಸನ ಮಾತು ಉಂಟು. ಅವನ ಹಬ್ಬವನ್ನು ಅಲ್ಲಿ ಅಕ್ಟೋಬರ್ 17ರಂದು ಆಚರಿಸುತ್ತಾರೆ.

ಬ್ರಹ್ಮಾವರಕ್ಕೆ ಅವನ ಹೆಸರು ಬಂದ ಬಗೆಯು ಬೇರೆ. ಹದಿಮೂರನೆಯ ಶತಮಾನದ ಕೊನೆಯಿಂದ ಅಂತಿಯೋಕ್ಯದ ಸಿರಿಯಾಕ್ ಸಭೆಯ ಪಿತೃಪ್ರಧಾನರೆಲ್ಲರೂ ಇಗ್ನೇಷಿಯಸ್ ಎಂಬ ನಾಮವನ್ನು ಧರಿಸುತ್ತ ಬಂದಿದ್ದಾರೆ. 1886ರಲ್ಲಿ ಪೋಪರಿಗೂ ಪೋರ್ತುಗಲ್ಲಿಗೂ ಆದ ಒಪ್ಪಂದದ ಫಲವಾಗಿ ಗೋವೆಯ ಧರ್ಮಾಧಿಕಾರವು ಅನೇಕ ಕಡೆಗಳಲ್ಲಿ ಮುಗಿದು, ಆ ವರ್ಷವೇ ಮಂಗಳೂರೂ ಮೈಸೂರೂ ಧರ್ಮಪ್ರಾಂತ್ಯಗಳಾದವು. ಇದನ್ನು ಒಪ್ಪದ ಕರಾವಳಿಯ ಕೆಲವು ಕುಟುಂಬಗಳು ನೊರೋನ್ಹ ಗುರುಗಳ ಮುಂದಾಳುತನದಲ್ಲಿ ಬೇರೆಯಾಗಿ ನಿಂತವು. ಗೋವೆಯ ಆಲ್ವಾರಿಸರು ಪಿತೃಪ್ರಧಾನ ಇಗ್ನೇಷಿಯಸ್ ಪೇತ್ರರ ಅನುಮತಿಯಿಂದ 1889ರಲ್ಲಿ ಕೊಟ್ಟಾಯದಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಿಂದ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದರು. ಬ್ರಹ್ಮಾವರದವರು ಅವರನ್ನು ಅಂಗೀಕರಿಸಿದರು. ಪಣಜಿಯಲ್ಲಿ ಬಡವರ, ರೋಗಿಗಳ ಸೇವೆಯಲ್ಲಿ ಸವೆದ ಆ ಅಧ್ಯಕ್ಷರು 1923ರಲ್ಲಿ ಕಾಲವಾದರು. ಅವರ ಅನುಯಾಯಿಗಳ ಸಂತತಿಯು ಮಲಂಕರ ಆರ್ಥೊಡಾಕ್ಸ್ ಸಭೆಯಲ್ಲಿ ಉಳಿದಿದ್ದು, 2010ರಲ್ಲಿ ಬ್ರಹ್ಮಾವರವೇ ಒಂದು ಧರ್ಮಪ್ರಾಂತ್ಯದ ಹೆಸರಾಯಿತು.

ಧರ್ಮಾಧ್ಯಕ್ಷನನ್ನು ಬಿಟ್ಟು ಏನನ್ನೂ ಮಾಡಬೇಡಿರೆಂದು ಬೋಧಿಸಿದವನ ಹೆಸರು, ಧರ್ಮಾಧ್ಯಕ್ಷನು ಯಾರೆಂಬ ವ್ಯಾಜ್ಯದ ಮೂಲಕವೇ ಕನ್ನಡದ ಕರಾವಳಿಗೆ ಬಂದಿತು. ಎರಡು ಪಕ್ಷದವರೂ ಅವನ ಬೋಧನೆಯನ್ನು ತಮ್ಮ ಕಡೆಗೆ ಕರೆಯಬಲ್ಲರು. ಅಧಿಕಾರದ ಪರಂಪರೆಯೊಂದನ್ನೇ ಹಿಡಿದು ಅಳೆದರೆ ಈ ವಾದಕ್ಕೆ ಮುಕ್ತಾಯವಿಲ್ಲ. ಆದರೆ ಇಗ್ನೇಷಿಯಸನು ತಾನೇ ಬೇರೊಂದು ಅಳತೆಗೋಲನ್ನು ಸ್ಮುರ್ನದವರ ಕೈಗೆ ಕೊಟ್ಟು ಹೋದನು. ಸಭೆಯು ಸರಿಯಾದುದೆ ಎಂದು ತಿಳಿಯಬೇಕಾದರೆ ಅದರ ಬಾಗಿಲಿನಲ್ಲಿ ಹಸಿದವನಿಗೂ ವಿಧವೆಗೂ ಏನಾಗುತ್ತಿದೆಯೆಂಬುದನ್ನು ನೋಡಬೇಕು. ಮೈಸೂರಿನ ಗೋಪುರಗಳಿಗೂ ಬ್ರಹ್ಮಾವರದ ಮಂದಿರಕ್ಕೂ ಈ ಅಳತೆಗೋಲು ಒಂದೇ. ಸಂಕೋಲೆಯ ಕೈಯಿಂದ ಅದನ್ನು ಬರೆದು ಹತ್ತೊಂಬತ್ತು ಶತಮಾನಗಳಾದರೂ ಅದು ಸವೆದಿಲ್ಲ.