ಸೂಲಗಿತ್ತಿಯ ದಿನಚರಿ ಹೇಳುವ ಚರಿತ್ರೆ

1846ರ ಫೆಬ್ರವರಿ ತಿಂಗಳು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಮಿಸಿಸಿಪಿ ನದಿಯ ದಂಡೆಯ ಮೇಲಿದ್ದ ನೌವೂ ಎಂಬ ಪಟ್ಟಣದ ಜನ ಗಂಟುಮೂಟೆ ಕಟ್ಟುತ್ತಿದ್ದರು. ನೆರೆಹೊರೆಯವರ ದ್ವೇಷಕ್ಕೆ ಗುರಿಯಾಗಿ ಊರು ಬಿಟ್ಟು ಹೊರಟಿದ್ದ ಅವರು ಮಾರ್ಮನ್ ಎಂಬ ಹೊಸ ಕ್ರೈಸ್ತ ಪಂಥಕ್ಕೆ ಸೇರಿದವರು. ಆ ಗುಂಪಿನಲ್ಲಿ ಪ್ಯಾಟಿ ಸೆಷನ್ಸ್ ಎಂಬ 51 ವರ್ಷದ ಸೂಲಗಿತ್ತಿಯೂ ಇದ್ದಳು. ಅದೇ ತಿಂಗಳ 10ರಂದು ಮಗಳು ಸಿಲ್ವಿಯಾ ಆಕೆಗೊಂದು ಖಾಲಿ ಪುಸ್ತಕವನ್ನು ಉಡುಗೊರೆಯಾಗಿ ಕೊಟ್ಟಳು. ಪ್ಯಾಟಿ ಅಂದೇ ಬರೆಯಲು ತೊಡಗಿದಳು. ಸಾಮಾನು ಕಟ್ಟಿಯಾಗಿದೆ ಎಂಬುದು ಮೊದಲ ಸುದ್ದಿ. ಅದರ ಬೆನ್ನಿಗೇ ಒಬ್ಬ ಹೆಂಗಸಿನ ಹೆರಿಗೆ ಮಾಡಿಸಿ ಬಂದ ಸುದ್ದಿ.

ಹೀಗೆ ಆರಂಭವಾದ ಬರವಣಿಗೆ 42 ವರ್ಷ ನಡೆಯಿತು. 1888ರಲ್ಲಿ ಆಕೆ ಲೇಖನಿ ಕೆಳಗಿಟ್ಟಾಗ ವಯಸ್ಸು 93. ಆ ಪುಟಗಳಲ್ಲಿ ಸಾಹಿತ್ಯದ ಸೊಗಸನ್ನು ಹುಡುಕಿದವರಿಗೆ ನಿರಾಶೆಯಾದೀತು. ಕಾಗುಣಿತ ಬಾಯಿಗೆ ಬಂದಂತೆ, ವಾಕ್ಯಗಳು ಮೊಟಕು, ವಿರಾಮ ಚಿಹ್ನೆಗಳು ವಿರಳ. ಯಾರಿಗೆ ಗಂಡು, ಯಾರಿಗೆ ಹೆಣ್ಣು, ಯಾರು ತೀರಿಕೊಂಡರು, ಯಾರಿಂದ ಎಷ್ಟು ಬರಬೇಕು, ಇಂದು ಏನು ಹೊಲಿದೆ, ಏನು ನೆಟ್ಟೆ ಎಂಬುವೇ ಹೆಚ್ಚು. ಆದರೂ ಅಮೆರಿಕದ ಪಶ್ಚಿಮ ಭಾಗದ ಸಾಮಾಜಿಕ ಚರಿತ್ರೆಯನ್ನು ಬರೆಯುವವರು ಇಂದು ಈ ದಿನಚರಿಯತ್ತ ಮತ್ತೆ ಮತ್ತೆ ತಿರುಗುತ್ತಾರೆ. ಏಕೆಂಬುದನ್ನು ತಿಳಿಯಲು ಮೊದಲು ಆ ಸಮುದಾಯದ ಪರಿಚಯ ಬೇಕು.

ಬರೆದಿಡುವುದೇ ಧರ್ಮ

ಜೋಸೆಫ್ ಸ್ಮಿತ್ ಎಂಬ ಯುವಕ 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದಲ್ಲಿ ಸ್ಥಾಪಿಸಿದ ಚರ್ಚು ಇದು. ಅದೇ ವರ್ಷ ಆತ ಪ್ರಕಟಿಸಿದ 'ಬುಕ್ ಆಫ್ ಮಾರ್ಮನ್' ಎಂಬ ಗ್ರಂಥದಿಂದ ಅನುಯಾಯಿಗಳಿಗೆ ಮಾರ್ಮನ್ನರೆಂಬ ಹೆಸರು ಬಂತು. ಚರ್ಚು ಸ್ಥಾಪನೆಯಾದ ದಿನವೇ, ನಿಮ್ಮಲ್ಲಿ ದಾಖಲೆ ಇಡುವ ಪದ್ಧತಿ ಇರತಕ್ಕದ್ದು ಎಂಬ ಅರ್ಥದ ದೈವವಾಣಿ ತನಗಾಯಿತೆಂದು ಸ್ಮಿತ್ ಸಾರಿದ. ಮರುವರ್ಷವೇ ಚರ್ಚಿನ ಚರಿತ್ರೆ ಬರೆಯಲು ಒಬ್ಬನ ನೇಮಕವಾಯಿತು. ತಾವು ದೇವರ ಯೋಜನೆಯೊಂದರ ಪಾತ್ರಧಾರಿಗಳು, ತಮ್ಮ ಬದುಕಿನ ವಿವರಕ್ಕೆ ಮುಂದೊಂದು ದಿನ ಬೆಲೆ ಬರುತ್ತದೆ ಎಂಬ ನಂಬಿಕೆ ಇವರಲ್ಲಿ ಬೇರೂರಿತು. ಹೀಗಾಗಿ ನಾಯಕರಷ್ಟೇ ಅಲ್ಲ, ರೈತರು, ಬಡಗಿಗಳು, ಮನೆವಾರ್ತೆಯ ಹೆಂಗಸರೂ ದಿನಚರಿ ಬರೆದರು.

ಇವರಲ್ಲಿ ಎಮೆಲಿನ್ ವೆಲ್ಸ್ (1828-1921) ಎಂಬಾಕೆಯ ಹೆಸರು ದೊಡ್ಡದು. ಸ್ತ್ರೀ ಮತದಾನದ ಹೋರಾಟಗಾರ್ತಿಯೂ ಪತ್ರಿಕಾ ಸಂಪಾದಕಿಯೂ ಆಗಿದ್ದ ಆಕೆಯ ದಿನಚರಿ 47 ಸಂಪುಟಗಳಷ್ಟಿದೆ. ಎಮೆಲಿನ್ ಭಾವನೆಗಳನ್ನು ಮನಸಾರೆ ಬರೆಯುತ್ತಾಳೆ. ಪ್ಯಾಟಿ ಹಾಗಲ್ಲ. ಆಕೆಯದು ಲೆಕ್ಕದ ಪುಸ್ತಕದ ಭಾಷೆ. ಆದರೆ ಭಾವನೆಯನ್ನು ಅಪರೂಪಕ್ಕೆ ಹೊರಗೆಡಹುವವರ ಮಾತಿಗೆ ಬೇರೆಯೇ ತೂಕವಿರುತ್ತದೆ.

ಬಂಡಿಯಲ್ಲಿ ಹೆರಿಗೆ

ಪ್ಯಾಟಿ ಹುಟ್ಟಿದ್ದು 1795ರಲ್ಲಿ, ಮೇನ್ ಪ್ರಾಂತ್ಯದ ಬೆತೆಲ್ ಎಂಬ ಹಳ್ಳಿಯಲ್ಲಿ. 1812ರಲ್ಲಿ ಡೇವಿಡ್ ಸೆಷನ್ಸ್ ಎಂಬ ರೈತನೊಡನೆ ಮದುವೆಯಾಯಿತು. ಅತ್ತೆ ಸೂಲಗಿತ್ತಿಯಾಗಿದ್ದಳು. ಅತ್ತೆಗೆ ಕೀಲುನೋವು ಹೆಚ್ಚಾಗಿ ಓಡಾಟ ಕಷ್ಟವಾದಾಗ ಸೊಸೆ ಆ ಕೆಲಸಕ್ಕೆ ಕೈಹಾಕಿದಳು. ಪರರ ಮನೆಯ ಸಾವಿರಾರು ಕೂಸುಗಳನ್ನು ಎತ್ತಿಕೊಂಡ ಆಕೆ ಹೆತ್ತ ಮಕ್ಕಳು ಎಂಟು. ಪ್ರಾಯಕ್ಕೆ ಬಂದವರು ಮೂವರೇ.

1834ರಲ್ಲಿ ಮಾರ್ಮನ್ ದೀಕ್ಷೆ ಪಡೆದ ಪ್ಯಾಟಿ ಕುಟುಂಬದೊಡನೆ ಮೊದಲು ಮಿಸೌರಿಗೆ, ಅಲ್ಲಿಂದ ಓಡಿಸಲ್ಪಟ್ಟ ಮೇಲೆ ನೌವೂಗೆ ಬಂದಳು. 1844ರಲ್ಲಿ ಸೆರೆಮನೆಯಲ್ಲಿದ್ದ ಜೋಸೆಫ್ ಸ್ಮಿತ್‌ನನ್ನು ಉದ್ರಿಕ್ತ ಗುಂಪೊಂದು ಕೊಂದುಹಾಕಿತು. ಎರಡು ವರ್ಷದ ನಂತರ ಬ್ರಿಗಮ್ ಯಂಗ್ ನೇತೃತ್ವದಲ್ಲಿ ಮಹಾವಲಸೆ ಆರಂಭವಾಯಿತು.

ಹೆರಿಗೆ ಮಾಡಿಸಿದ್ದನ್ನು ಪ್ಯಾಟಿ ಒಂದು ವಿಶಿಷ್ಟ ರೀತಿಯಲ್ಲಿ ಬರೆಯುತ್ತಾಳೆ. ಇಂಥವರ ಹೆಂಡತಿಯನ್ನು ಗಂಡು ಮಗುವಿನೊಡನೆ ಅಥವಾ ಹೆಣ್ಣು ಮಗುವಿನೊಡನೆ ಮಲಗಿಸಿದೆ ಎನ್ನುವುದು ಅಂದಿನ ಸೂಲಗಿತ್ತಿಯರ ನುಡಿಗಟ್ಟು. ಈ ಮಾತು ದಿನಚರಿಯುದ್ದಕ್ಕೂ ಬರುತ್ತದೆ. ಸುರಿವ ಮಳೆಯಲ್ಲಿ, ಹಿಮದಲ್ಲಿ, ಗುಡಾರದಲ್ಲಿ, ಕಮಾನು ಗಾಡಿಯೊಳಗೆ ಹೆಂಗಸರು ಹೆತ್ತರು. 1846-47ರ ಚಳಿಗಾಲವನ್ನು ಈ ಜನ ಮಿಸೌರಿ ನದಿಯ ದಂಡೆಯಲ್ಲಿ, ಇಂದಿನ ಓಮಾಹಾ ನಗರವಿರುವ ಕಡೆ ಕಳೆದರು. ಚಳಿಜ್ವರ, ಸ್ಕರ್ವಿ ಮೊದಲಾದ ಕಾಯಿಲೆಗಳಿಂದ ನೂರಾರು ಮಂದಿ ಸತ್ತರು. ಹುಟ್ಟು ಸಾವುಗಳೆರಡೂ ಪ್ಯಾಟಿಯ ಪುಸ್ತಕದಲ್ಲಿ ಒಂದರ ಪಕ್ಕದಲ್ಲೊಂದು ನಿಂತಿವೆ.

1847ರ ಬೇಸಿಗೆಯಲ್ಲಿ ಆಕೆ ನಾಲ್ಕು ಎತ್ತುಗಳ ಬಂಡಿಯನ್ನು ತಾನೇ ಹೊಡೆದುಕೊಂಡು ಸುಮಾರು 1,000 ಮೈಲಿ ಸಾಗಿದಳು. ಸೆಪ್ಟೆಂಬರ್ ಕೊನೆಯ ಭಾಗದಲ್ಲಿ ಸಾಲ್ಟ್ ಲೇಕ್ ಕಣಿವೆ ತಲುಪಿದ ಎರಡು ಮೂರು ದಿನಗಳಲ್ಲೇ ಬ್ರಿಗಮ್ ಯಂಗ್‌ನ ತಮ್ಮನ ಹೆಂಡತಿಗೆ ಹೆರಿಗೆ ಮಾಡಿಸಿದಳು. ತನ್ನ ಜೀವಮಾನದಲ್ಲಿ ಆಕೆ ಮಾಡಿಸಿದ ಹೆರಿಗೆಗಳು 3,977 ಎಂಬುದು ಆಕೆಯ ಕುರಿತು ಬರೆದವರು ಸಾಮಾನ್ಯವಾಗಿ ಕೊಡುವ ಲೆಕ್ಕ.

ಸವತಿಯ ನೋವು

ಮಾರ್ಮನ್ನರೆಂದೊಡನೆ ಹೊರಗಿನವರಿಗೆ ನೆನಪಾಗುತ್ತಿದ್ದುದು ಬಹುಪತ್ನೀತ್ವ. ಜೋಸೆಫ್ ಸ್ಮಿತ್ ಮೊದಲು ಗುಟ್ಟಾಗಿ ಆರಂಭಿಸಿದ ಈ ಪದ್ಧತಿಯನ್ನು ಚರ್ಚು 1852ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿತು. ಪ್ಯಾಟಿಯ ಬದುಕಿನಲ್ಲಿ ಇದು ಜಟಿಲವಾಗಿ ಹೆಣೆದುಕೊಂಡಿತ್ತು. ಗಂಡ ಬದುಕಿದ್ದಾಗಲೇ, 1842ರಲ್ಲಿ, ಆಕೆಗೂ ಸ್ಮಿತ್‌ಗೂ ಪರಲೋಕದಲ್ಲೂ ಉಳಿಯುವಂಥ ವಿವಾಹಬಂಧ ನಡೆದಿತ್ತು. ಅದನ್ನು ಆಕೆಯೇ ಮುಂದೆ ತನ್ನ ದಿನಚರಿಯಲ್ಲಿ ದಾಖಲಿಸಿದ್ದಾಳೆ. ಆದರೆ 1845ರಲ್ಲಿ ಗಂಡ ಡೇವಿಡ್ ರೊಸಿಲ್ಲಾ ಎಂಬಾಕೆಯನ್ನು ಎರಡನೆಯ ಹೆಂಡತಿಯಾಗಿ ತಂದಾಗ ಪ್ಯಾಟಿಯ ಸಮಾಧಾನ ಕದಡಿಹೋಯಿತು.

1846ರ ವಲಸೆಯ ಪುಟಗಳಲ್ಲಿ ಈ ಸಂಕಟ ಕಾಣಿಸಿಕೊಳ್ಳುತ್ತದೆ. ಗಂಡ ತನ್ನೊಡನೆ ಮಾತಾಡಿದ ರೀತಿ, ತಾನು ಅತ್ತದ್ದು, ನಿದ್ದೆಯಿಲ್ಲದ ರಾತ್ರಿ, ಕೆಲಸ ಹಂಚಿಕೊಳ್ಳಲೊಲ್ಲದ ಸವತಿಯೊಡನೆ ಜಗಳ, ಎಲ್ಲವೂ ಚುಟುಕಾಗಿ ಬರುತ್ತವೆ. ಮರುದಿನದ ವಾಕ್ಯ ಮತ್ತೆ ಒಗೆತಕ್ಕೋ ಹೆರಿಗೆಗೋ ಮರಳುತ್ತದೆ. ವರ್ಷದ ಕೊನೆಗೆ ರೊಸಿಲ್ಲಾ ಗುಂಪನ್ನು ಬಿಟ್ಟು ಹೊರಟುಹೋದಳು. ರೊಸಿಲ್ಲಾಳ ಪಾಲಿನ ದುಃಖವನ್ನು ನಮಗೆ ಹೇಳುವ ದಿನಚರಿ ಇಲ್ಲ ಎಂಬುದನ್ನೂ ಇಲ್ಲಿ ಮರೆಯಬಾರದು.

1850ರಲ್ಲಿ ಡೇವಿಡ್ ಇನ್ನೊಬ್ಬ ತರುಣಿಯನ್ನು ಮದುವೆಯಾದ. ಅದೇ ವರ್ಷದ ಆಗಸ್ಟಿನಲ್ಲಿ ತೀರಿಕೊಂಡ. 1851ರ ಡಿಸೆಂಬರಿನಲ್ಲಿ ಪ್ಯಾಟಿ ಜಾನ್ ಪ್ಯಾರಿ ಎಂಬುವನ ಕೈಹಿಡಿದಳು. ಪ್ರಸಿದ್ಧ ಮಾರ್ಮನ್ ಗಾಯನ ವೃಂದದ ಮೊದಲ ಮುಖ್ಯಸ್ಥನೀತ. ಈ ಮದುವೆಯ ಬಗ್ಗೆ ಆಕೆ ಬರೆದುಕೊಂಡದ್ದರಲ್ಲಿ ಪ್ರೇಮದ ಮಾತಿಲ್ಲ. ಸೌದೆ ಕಡಿದುಕೊಡಲು ಒಬ್ಬರು ಸಿಕ್ಕರಲ್ಲ ಎಂದು ದೇವರಿಗೆ ಕೃತಜ್ಞತೆ ಹೇಳುತ್ತಾಳೆ. 56 ವರ್ಷದ ವಿಧವೆಯೊಬ್ಬಳು ಗುಡ್ಡಗಾಡಿನ ಚಳಿಯಲ್ಲಿ ಒಂಟಿಯಾಗಿ ಬದುಕುವುದೆಂದರೇನು ಎಂಬುದನ್ನು ಈ ಒಂದು ಮಾತು ತಿಳಿಸುತ್ತದೆ. ಮೂರು ವರ್ಷ ತುಂಬುವ ಮೊದಲೇ ಪ್ಯಾರಿಯೂ ಇನ್ನೊಬ್ಬಳನ್ನು ಮದುವೆಯಾದ.

ಮನೆಯೊಳಗಿನ ಅರ್ಥವ್ಯವಸ್ಥೆ

ಗಂಡಂದಿರ ಕಥೆಗಷ್ಟೇ ಕಣ್ಣು ಕೊಟ್ಟರೆ ಈ ದಿನಚರಿಯ ಮುಖ್ಯ ಭಾಗವನ್ನೇ ಬಿಟ್ಟಂತೆ. ಪ್ಯಾಟಿಯ ದುಡಿಮೆ ಆಕೆಯ ಕೈಯಲ್ಲೇ ಇತ್ತು. ಹೆರಿಗೆಗೆ ಬರಬೇಕಾದ ಹಣ, ಬಂದದ್ದು, ಬಾಕಿ ಉಳಿದದ್ದು ಆಕೆಗೆ ಕರಾರುವಾಕ್ಕಾಗಿ ಗೊತ್ತಿತ್ತು. ಹಣ್ಣಿನ ತೋಟ ಬೆಳೆಸಿದಳು. ಆಕೆಯ ಹೆಸರಿನಲ್ಲಿ 'ಸೆಷನ್ಸ್ ಪ್ಲಮ್' ಎಂಬ ಹಣ್ಣಿನ ತಳಿಯೇ ಪ್ರಸಿದ್ಧವಾಯಿತು. ನೂಲುವುದು, ನೇಯುವುದು, ಹೊಲಿಯುವುದು ಎಡೆಬಿಡದೆ ನಡೆದಿತ್ತು. ಉಳಿತಾಯದಿಂದ ಚರ್ಚಿನ ಸಹಕಾರಿ ಮಾರಾಟ ಸಂಸ್ಥೆಯ ಷೇರುಗಳನ್ನೂ ಕೊಂಡಳು. 1883ರಲ್ಲಿ, 88ರ ವಯಸ್ಸಿನಲ್ಲಿ, ಬೌಂಟಿಫುಲ್ ಎಂಬ ಊರಿನಲ್ಲಿ ತನ್ನ ಹಣದಿಂದ ಬಡಮಕ್ಕಳಿಗೆ ಉಚಿತ ಶಾಲೆ ಕಟ್ಟಿಸಿದಳು.

ಈ ದುಡಿಮೆಯ ಸುತ್ತ ಹೆಂಗಸರ ಒಂದು ಬಳಗವಿತ್ತು. ಚಳಿಗಾಲದ ಆ ಬೀಡಿನಲ್ಲಿ 1847ರ ವಸಂತದಲ್ಲಿ ಹೆಂಗಸರು ಒಬ್ಬರ ಮನೆಯಲ್ಲೊಬ್ಬರು ಸೇರಿ ಪ್ರಾರ್ಥಿಸಿದರು, ರೋಗಿಗಳನ್ನು ಹರಸಿದರು. ಕವಯಿತ್ರಿ ಎಲೈಜಾ ಸ್ನೋ ಕೂಡ ಅದೇ ಕೂಟಗಳ ಬಗ್ಗೆ ತನ್ನ ದಿನಚರಿಯಲ್ಲಿ ಬರೆದಿದ್ದಾಳೆ. ಎರಡು ದಿನಚರಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ, ಗಂಡಸರ ಅಧಿಕೃತ ಚರಿತ್ರೆಯಲ್ಲಿ ಕಾಣದ ಒಂದು ಲೋಕ ತೆರೆದುಕೊಳ್ಳುತ್ತದೆ. ಸಾಲ್ಟ್ ಲೇಕಿನಲ್ಲಿ ಆಕೆ ಹೆಂಗಸರ ಆರೋಗ್ಯ ಮಂಡಳಿಯಲ್ಲಿ ಸಕ್ರಿಯಳಾಗಿದ್ದಳು. 1854ರಲ್ಲಿ ಮೂಲನಿವಾಸಿ ಹೆಂಗಸರು ಮಕ್ಕಳಿಗೆ ಬಟ್ಟೆ ಹೊಲಿದುಕೊಡುವ ಸಂಘದಲ್ಲಿ ಮುಂದಾಳಾದಳು. ಆದರೆ ಆ ನೆಲ ಖಾಲಿ ನೆಲವಾಗಿರಲಿಲ್ಲ. ಯೂಟ್ ಮತ್ತು ಶೋಶೋನಿ ಜನ ಬಾಳುತ್ತಿದ್ದ ನಾಡಿಗೆ ವಲಸಿಗರು ಬಂದು ನೆಲೆಯೂರಿದ್ದರು. ತಾವು ಓಡಿಸಲ್ಪಟ್ಟವರೇ ಇತರರ ನೆಲೆ ಕಸಿಯುವವರಾದ ವಿಪರ್ಯಾಸವನ್ನೂ ಈ ಕಾಲದ ಚರಿತ್ರೆ ಒಳಗೊಂಡಿದೆ.

ಎರಡು ಚಿತ್ರಗಳ ನಡುವೆ

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಮಾರ್ಮನ್ ಹೆಣ್ಣಿನ ಬಗ್ಗೆ ಎರಡು ಸಿದ್ಧ ಚಿತ್ರಗಳಿದ್ದವು. ಪೂರ್ವ ತೀರದ ಪತ್ರಿಕೆಗಳಿಗೆ ಆಕೆ ಜನಾನಾದಲ್ಲಿ ಕೊಳೆಯುವ ಗುಲಾಮಳು. ಚರ್ಚಿನ ಭಕ್ತಿಕಥೆಗಳಿಗೆ ಆಕೆ ನಗುನಗುತ್ತ ಎಲ್ಲವನ್ನೂ ಸಹಿಸಿದ ಸಾಧ್ವಿ. ವಾಸ್ತವ ಇವೆರಡಕ್ಕೂ ಬಗ್ಗುವಂಥದ್ದಲ್ಲ. 1870ರಲ್ಲಿ ಯೂಟಾ ಪ್ರಾಂತ್ಯದ ಹೆಂಗಸರಿಗೆ ಮತದಾನದ ಹಕ್ಕು ಸಿಕ್ಕಿತು. ಹೆಂಗಸರು ಮತ ಹಾಕಿದರೆ ಬಹುಪತ್ನೀತ್ವ ತಾನಾಗಿ ಅಳಿಯುತ್ತದೆಂದು ಹೊರಗಿನ ಸುಧಾರಕರು ಕೆಲವರು ಎಣಿಸಿದ್ದರು. ಹಾಗಾಗಲಿಲ್ಲ. ಸಾಲ್ಟ್ ಲೇಕಿನ ಹೆಂಗಸರು ಸಾವಿರಗಟ್ಟಲೆ ಸೇರಿ ತಮ್ಮ ಧರ್ಮದ ಪರವಾಗಿಯೇ ದನಿಯೆತ್ತಿದ್ದರು. ಕೊನೆಗೆ 1887ರಲ್ಲಿ ಅಮೆರಿಕದ ಸಂಸತ್ತು ಬಹುಪತ್ನೀತ್ವವನ್ನು ಹತ್ತಿಕ್ಕುವ ಕಾನೂನಿನ ಮೂಲಕ ಆ ಹೆಂಗಸರ ಮತದಾನದ ಹಕ್ಕನ್ನೇ ಕಿತ್ತುಕೊಂಡಿತು. 1890ರಲ್ಲಿ ಚರ್ಚು ಹೊಸ ಬಹುಪತ್ನೀ ವಿವಾಹಗಳನ್ನು ಕೈಬಿಡುವುದಾಗಿ ಘೋಷಿಸಿತು. 1896ರಲ್ಲಿ ಯೂಟಾ ರಾಜ್ಯವಾದಾಗ ಹೆಂಗಸರಿಗೆ ಮತ ಮರಳಿ ಬಂತು.

ಈ ವಾದವಿವಾದದಲ್ಲಿ ದಿನಚರಿಗೆ ಒಂದು ವಿಶೇಷ ಸ್ಥಾನವಿದೆ. ಮುಪ್ಪಿನಲ್ಲಿ ಕುಳಿತು ಬರೆದ ಆತ್ಮಕಥೆಗೆ ಕಥೆಯ ಕೊನೆ ಗೊತ್ತಿರುತ್ತದೆ. ಅಂದಿನ ಅಳು ಅಲ್ಲಿ ಪರೀಕ್ಷೆಯಾಗಿ, ಜಗಳ ಪಾಠವಾಗಿ ಮಾರ್ಪಡುತ್ತದೆ. ದಿನಚರಿ ಬರೆಯುವವಳಿಗೆ ನಾಳೆ ಏನೆಂದು ತಿಳಿಯದು. ಪ್ಯಾಟಿಗೆ ಸವತಿ ಹೋಗುತ್ತಾಳೆಂದೂ ಗೊತ್ತಿರಲಿಲ್ಲ, ತಾನು 97 ವರ್ಷ ಬದುಕುತ್ತೇನೆಂದೂ ಗೊತ್ತಿರಲಿಲ್ಲ. ಅದರಿಂದಲೇ ಒಂದೇ ಹೆಣ್ಣು ಅತ್ಯಂತ ಶ್ರದ್ಧಾವಂತಳೂ, ಹೊಟ್ಟೆಕಿಚ್ಚಿನಿಂದ ಬೆಂದವಳೂ, ಲೆಕ್ಕದಲ್ಲಿ ಚುರುಕಾದವಳೂ ಆಗಿ ಅಲ್ಲಿ ಉಳಿದಿದ್ದಾಳೆ.

ಕ್ಷುಲ್ಲಕವೆನಿಸಿದ್ದರ ಬೆಲೆ

ಇಂಥ ಬರಹಗಳನ್ನು ಓದುವ ಬಗೆಯನ್ನು ಕಲಿಸಿದವರಲ್ಲಿ ಲಾರೆಲ್ ಥ್ಯಾಚರ್ ಉಲ್ರಿಕ್ ಪ್ರಮುಖರು. ಸ್ವತಃ ಮಾರ್ಮನ್ ಸಮುದಾಯದವರಾದ ಈ ಚರಿತ್ರೆಕಾರ್ತಿ 1990ರಲ್ಲಿ ಪ್ರಕಟಿಸಿದ ಕೃತಿಯ ನಾಯಕಿ ಮಾರ್ತಾ ಬ್ಯಾಲರ್ಡ್ ಕೂಡ ಮೇನ್ ಪ್ರಾಂತ್ಯದ ಸೂಲಗಿತ್ತಿ. ಆದರೆ ಮಾರ್ಮನ್ ಅಲ್ಲ, ಅದಕ್ಕಿಂತ ಹಿಂದಿನ ತಲೆಮಾರಿನವಳು. 1785ರಿಂದ 1812ರವರೆಗಿನ ಆಕೆಯ ದಿನಚರಿಯನ್ನು ಹಿಂದಿನ ವಿದ್ವಾಂಸರು ಬರೀ ಮನೆವಾರ್ತೆಯ ವಿವರವೆಂದು ಪಕ್ಕಕ್ಕಿಟ್ಟಿದ್ದರು. ಆ ಬೇಸರ ಹುಟ್ಟಿಸುವ ಪುನರಾವರ್ತನೆಯಲ್ಲೇ ವೈದ್ಯ, ವ್ಯಾಪಾರ, ಕುಟುಂಬ, ನ್ಯಾಯಗಳ ಚರಿತ್ರೆ ಅಡಗಿದೆ ಎಂದು ಉಲ್ರಿಕ್ ತೋರಿಸಿದರು. ಪುಸ್ತಕಕ್ಕೆ 1991ರ ಪುಲಿಟ್ಜರ್ ಪ್ರಶಸ್ತಿ ಬಂತು. 2017ರಲ್ಲಿ ಅವರು ಮಾರ್ಮನ್ ಹೆಂಗಸರ, ಗಂಡಸರ ದಿನಚರಿಗಳನ್ನೇ ಆಧರಿಸಿ ಬಹುಪತ್ನೀತ್ವ ಮತ್ತು ಸ್ತ್ರೀ ಹಕ್ಕುಗಳ ಕುರಿತು ಇನ್ನೊಂದು ಕೃತಿ ಹೊರತಂದರು.

ಪ್ಯಾಟಿಯ ದಿನಚರಿ ಸಂಪಾದನೆಗೊಂಡು ಅಚ್ಚಾದದ್ದು 1997ರಲ್ಲಿ, ಆಕೆ ತೀರಿಕೊಂಡು ನೂರು ವರ್ಷ ಕಳೆದ ಮೇಲೆ. ಅದರ ಕೊನೆಯ ಭಾಗದ ಪುಟಗಳಲ್ಲಿ ಹೆರಿಗೆಗಳಿಲ್ಲ, ಪಯಣವಿಲ್ಲ. ಮುದುಕಿ ಕಾಲುಚೀಲ ಹೆಣೆಯುತ್ತಾಳೆ. ಹೆಣೆದದ್ದನ್ನು ಬರೆದಿಡುತ್ತಾಳೆ. ಮಗಳು ಕೊಟ್ಟ ಪುಸ್ತಕದಲ್ಲಿ ತೊಡಗಿದ ಅಭ್ಯಾಸ ಕಣ್ಣು ಕೈ ನಡೆಯುವವರೆಗೂ ನಿಲ್ಲಲಿಲ್ಲ. ಆಕೆ ಕೈಯಾರೆ ಎತ್ತಿಕೊಂಡ ಸಾವಿರಾರು ಶಿಶುಗಳ ಪೈಕಿ ಎಷ್ಟೋ ಮಂದಿಯ ಹುಟ್ಟಿದ ದಿನಕ್ಕೆ ಆ ಪುಟಗಳೇ ಸಾಕ್ಷಿ.